ಹನ್ನೊಂದನೆಯ ಸಾಲು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಗದಗಿನ ನಮ್ಮ ಮನೆಯಲ್ಲಿ ಒಬ್ಬ ಸೋದರತ್ತೆ ಇದ್ದಳು. ಯಾರಿಗೋ ಹಿತ್ತಲಲ್ಲಿ ಏನೋ ಕಂಡಿತು, ಯಾರನ್ನೋ ಯಾರೋ ಹೆಸರು ಹಿಡಿದು ಕರೆದರು ಎಂದು ಆಕೆ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಇಲ್ಲವೇ ನಡುವೆ ಬಾಯಿ ಹಾಕಿ, ಆಗ ದೀಪ ಇತ್ತೋ ಇಲ್ಲವೋ, ನೋಡಿದವರ ಕಣ್ಣು ಸರಿ ಇತ್ತೋ ಇಲ್ಲವೋ ಎಂದು ವಕೀಲರ ಹಾಗೆ ಪಾಟೀಸವಾಲು ಹಾಕಿ ಕಥೆಯ ರುಚಿ ಕೆಡಿಸುತ್ತಿದ್ದೆ. "ನಿನಗೂ ಒಂದಿನ ಗೊತ್ತಾಗ್ತದ ತಗೊ" ಎಂದು ಆಕೆ ಸಿಟ್ಟಾಗುತ್ತಿದ್ದಳು. ಈಗ ಆಕೆ ಇಲ್ಲ. ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೋ ಏನೋ. ಆಕೆಯ ಎದುರು ಸೋತೆನೆಂದು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಈ ಅನುಭವದಲ್ಲಿ ಕತ್ತಲೆ ಇಲ್ಲ, ಪಾಳು ಮನೆ ಇಲ್ಲ. ಬೆಳಗಿನ ಎಂಟು ಗಂಟೆಯ ಹೊತ್ತು, ಒಂದು ಸ್ಕೂಲ್ ಬಸ್ಸು, ಹದಿನಾಲ್ಕು ಮಕ್ಕಳು, ನಾನಲ್ಲದೆ ಇನ್ನಿಬ್ಬರು ದೊಡ್ಡವರು. ಅವರೆಲ್ಲ ಒಂದನ್ನು ಕಂಡರು. ನಾನೊಬ್ಬಳು ಕಾಣಲಿಲ್ಲ. ಸಾಮಾನ್ಯವಾಗಿ ಇಂಥ ಕಥೆಗಳಲ್ಲಿ ಹೇಳುವವರಿಗೆ ಮಾತ್ರ ಏನೋ ಕಂಡಿರುತ್ತದೆ, ಉಳಿದವರು ನಂಬುವುದಿಲ್ಲ. ನನ್ನದು ತಿರುಗುಮುರುಗು.

ತೊಂಬತ್ತರ ದಶಕದ ನಡುವಿನ ಮಾತು. ನಾವು ಕುವೈತಿನ ಅಬು ಹಲೀಫಾದಲ್ಲಿದ್ದೆವು. ನನ್ನ ಗಂಡ ತೈಲದ ಕೆಲಸದಲ್ಲಿ ಟೆಕ್ನಿಷಿಯನ್. ನಾನು ಊರಿನಲ್ಲಿ ಶಿಶುವಿಹಾರದ ತರಬೇತಿ ಮಾಡಿಕೊಂಡಿದ್ದರಿಂದ ಅಲ್ಲಿನ ಒಂದು ಸಣ್ಣ ನರ್ಸರಿ ಶಾಲೆಯಲ್ಲಿ ಟೀಚರಾಗಿದ್ದೆ. ನಮ್ಮ ಪ್ರಿನ್ಸಿಪಾಲ್ ಮೇಡಂ ಮುಂಬಯಿ ಕಡೆಯವರು, ವಯಸ್ಸಾದವರು, ಹಟದ ಹೆಂಗಸು. ನಾಲ್ಕನೆಯ ಮಹಡಿಯಲ್ಲಿ ಹುಟ್ಟಿ, ಲಿಫ್ಟಿನಲ್ಲಿ ಇಳಿದು, ಕಾರಿನಲ್ಲಿ ಕೂತು, ಏಸಿ ಕೋಣೆಯಲ್ಲಿ ಅಕ್ಷರ ಕಲಿಯುವ ಮಕ್ಕಳಿಗೆ ಭೂಮಿ ಎಂದರೆ ಏನೆಂದು ಯಾರು ಹೇಳಬೇಕು ಎಂಬುದು ಅವರ ಪ್ರಶ್ನೆ. ಚಳಿಗಾಲದ ನಾಲ್ಕು ತಿಂಗಳು ವಾರಕ್ಕೊಂದು ಬೆಳಿಗ್ಗೆ ಮಕ್ಕಳನ್ನು ಮರುಭೂಮಿಗೆ ಕರೆದುಕೊಂಡು ಹೋಗಿ ಬಯಲಿನಲ್ಲೇ ಪಾಠ ಮಾಡಬೇಕೆಂದು ಅವರು ನಿಯಮ ಮಾಡಿದರು. ಆ ಕೆಲಸ ನನ್ನ ಪಾಲಿಗೆ ಬಂತು, ಹಳ್ಳಿಯ ಕಡೆಯವಳು ಎಂಬ ಒಂದೇ ಕಾರಣಕ್ಕೆ. ಗದಗ ಹಳ್ಳಿಯಲ್ಲ ಎಂದು ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲ.

ಮೊದಲ ದಿನ ಒಂದು ಹುಡುಗಿ ಮರಳಿನ ಮೇಲೆ ಕಾಲಿಡಲು ಒಪ್ಪದೆ ಬಸ್ಸಿನ ಮೆಟ್ಟಿಲಲ್ಲೇ ಅರ್ಧ ಗಂಟೆ ಅತ್ತಳು. ನಾಲ್ಕನೆಯ ವಾರಕ್ಕೆ ಅದೇ ಹುಡುಗಿ ಬೋರಲು ಮಲಗಿ, ಕಪ್ಪು ಜೀರುಂಡೆಯೊಂದು ಮರಳಿನ ಮೇಲೆ ಬಿಟ್ಟುಹೋದ ಹೆಜ್ಜೆಯ ದಾರಿಯನ್ನು ಮೂಗಿನಿಂದ ಮುಟ್ಟುವಷ್ಟು ಹತ್ತಿರದಿಂದ ನೋಡುತ್ತಿದ್ದಳು. ಮೇಲಿನ ಮರಳು ಬೆಚ್ಚಗೆ, ಒಂದು ಗೇಣು ಕೆಳಗೆ ತಣ್ಣಗೆ ಎಂಬುದನ್ನು ಮಕ್ಕಳು ಕೈ ಹೂತು ತಿಳಿದುಕೊಂಡರು. ಮಳೆ ಬಿದ್ದ ಹದಿನೈದು ದಿನಕ್ಕೆ ಅರ್ಫಜ್ ಎಂಬ ಪೊದೆ ಹಳದಿ ಹೂ ಬಿಟ್ಟಾಗ ಅದರ ವಾಸನೆಯನ್ನು ಅಂಗೈಗೆ ಉಜ್ಜಿಕೊಂಡು ಮನೆಗೆ ಒಯ್ದರು. ಆ ಕೆಲಸ ನನಗೆ ನಿಜವಾಗಿ ಇಷ್ಟವಾಗಿತ್ತು. ನನ್ನ ಮಗಳು ಪಲ್ಲವಿಯೂ ಅದೇ ತರಗತಿಯಲ್ಲಿದ್ದಳು, ಐದು ವರ್ಷದವಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಆದರೆ ಅದು ಯುದ್ಧ ಮುಗಿದು ಹೆಚ್ಚು ವರ್ಷ ಆಗಿರದ ಕಾಲ. ಮರುಭೂಮಿಯಲ್ಲಿ ಹುಗಿದಿದ್ದ ನೆಲಬಾಂಬುಗಳನ್ನು ತೆಗೆದು ಶುಚಿ ಮಾಡಿದ್ದರು. ಜನ ಎಂದಿನಂತೆ ಚಳಿಗಾಲದಲ್ಲಿ ಡೇರೆ ಹಾಕಿ ವಾಸಿಸುತ್ತಿದ್ದರು. ಆದರೂ ಮಳೆ ಬಿದ್ದರೆ, ಜೋರು ಗಾಳಿ ಬೀಸಿದರೆ, ಹೂತುಹೋದ ಕಬ್ಬಿಣ ಎಲ್ಲಿಯಾದರೂ ಮೇಲೆದ್ದು ಬರಬಹುದು, ಯಾವ ಲೋಹದ ಸಾಮಾನನ್ನೂ ಮುಟ್ಟಬಾರದು ಎಂದು ಎಲ್ಲರೂ ಹೇಳುತ್ತಿದ್ದರು. ಹೂವು ಮುಟ್ಟು, ಮರಳು ಮುಟ್ಟು, ಹುಳ ಮುಟ್ಟು ಎನ್ನುವ ಬಾಯಲ್ಲೇ ಮುಟ್ಟಬೇಡ ಎಂದೂ ಹೇಳಬೇಕಿತ್ತು. ಐದು ವರ್ಷದ ಮಕ್ಕಳಿಗೆ ಎರಡನ್ನೂ ಒಟ್ಟಿಗೆ ಹೇಳುವುದು ಹೇಗೆ ಎಂದು ನನಗೆ ಎಷ್ಟೋ ಸಲ ಬಗೆಹರಿಯುತ್ತಿರಲಿಲ್ಲ.

ಅದಕ್ಕಾಗಿ ಮೇಡಂ ಒಂದು ಕಟ್ಟುನಿಟ್ಟಿನ ನಿಯಮ ಹಾಕಿದ್ದರು. ಬಸ್ಸು ನಿಂತ ಮೇಲೆ ಮಕ್ಕಳು ಇಳಿಯುವಂತಿಲ್ಲ. ಟೀಚರು ಮೊದಲು ಒಬ್ಬಳೇ ಇಳಿದು ಬಯಲನ್ನೆಲ್ಲ ನಡೆದು ನೋಡಬೇಕು. ನಮ್ಮ ಜಾಗ ಅಹ್ಮದಿ ದಾಟಿದ ಮೇಲೆ, ರಸ್ತೆಯ ಪಕ್ಕದ ಒಂದು ಸಮತಟ್ಟು. ಒಂದು ತುದಿಗೆ ಮುರಿದ ಕಾಂಕ್ರೀಟ್ ಕಟ್ಟೆ, ಇನ್ನೊಂದು ತುದಿಗೆ ವಿದ್ಯುತ್ ಕಂಬ. ಕಟ್ಟೆಯಿಂದ ಕಂಬದವರೆಗೆ ನೆಟ್ಟಗೆ ಒಂದು ಸಾಲು, ಎರಡು ಹೆಜ್ಜೆ ಸರಿದು ವಾಪಸು ಇನ್ನೊಂದು ಸಾಲು, ಹೊಲ ಉಳುವ ಹಾಗೆ. ಒಟ್ಟು ಇಪ್ಪತ್ತು ಸಾಲು, ಕಾಲು ಗಂಟೆಯ ಕೆಲಸ. ಏನೂ ಸಿಗದಿದ್ದರೆ ನಾಲ್ಕು ಮೂಲೆಗೆ ಕೆಂಪು ಬಾವುಟ ನೆಟ್ಟು ಮಕ್ಕಳನ್ನು ಇಳಿಸಬೇಕು. ಏನಾದರೂ ಕಂಡರೆ ಮುಟ್ಟದೆ, ಅದರಿಂದ ದೂರ ನಿಂತು ಅಲ್ಲೊಂದು ಬಾವುಟ ನೆಟ್ಟು ಬರಬೇಕು. ಬಯಲಿನ ಒಳಗೆ ಒಂದು ಬಾವುಟ ಕಂಡರೂ ಆ ದಿನ ಬಸ್ಸಿನ ಬಾಗಿಲು ತೆರೆಯುವಂತಿಲ್ಲ, ಸೀದಾ ವಾಪಸು.

ಬಾವುಟಗಳನ್ನು ಹೊಲಿದದ್ದು ನಾನೇ. ಮದುವೆಯಲ್ಲಿ ಬಂದಿದ್ದ ಗುಳೇದಗುಡ್ಡದ ಕೆಂಪು ಖಣವೊಂದು ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನು ಕತ್ತರಿಸಿ ಹನ್ನೆರಡು ತುಂಡು ಮಾಡಿ, ಗಟ್ಟಿ ತಂತಿಗೆ ಹೊಲಿದೆ. ಆ ಬಣ್ಣ, ಆ ನೇಯ್ಗೆಯ ಚುಕ್ಕಿ ಇಡೀ ಕುವೈತಿನಲ್ಲಿ ಇನ್ನೊಬ್ಬರ ಹತ್ತಿರ ಬಾವುಟವಾಗಿ ಇರುವುದು ಸಾಧ್ಯವಿಲ್ಲ. ನಮ್ಮ ಆಯಾ ಹಿಲ್ಡಾ ಬಾಯಿ ಅದನ್ನು 'ಟೀಚರ ಬ್ಲೌಸ್ ಬಾವುಟ' ಎಂದು ಕರೆಯುತ್ತಿದ್ದರು.

ಮಕ್ಕಳು ಕಾಲು ಗಂಟೆ ಬಸ್ಸಿನಲ್ಲಿ ಸುಮ್ಮನೆ ಕೂರಬೇಕಲ್ಲ, ಅದಕ್ಕೆ ನಾನೇ ಒಂದು ಆಟ ಹೂಡಿದ್ದೆ. ಒಂದೊಂದು ಸಾಲು ಮುಗಿದಾಗಲೂ ನಾನು ಬಸ್ಸಿನ ಕಡೆ ತಿರುಗಿ ಕೈ ಎತ್ತುವುದು. ಮಕ್ಕಳು ಕಿಟಕಿಗೆ ಮೂಗು ಒತ್ತಿಕೊಂಡು ಒಟ್ಟಾಗಿ ಕೂಗುವುದು, ಒನ್, ಟೂ, ಥ್ರೀ ಎಂದು. ಇಪ್ಪತ್ತರವರೆಗೆ ಎಣಿಸುವುದನ್ನು ನಮ್ಮ ಮಕ್ಕಳು ಹಾಗೇ ಕಲಿತರು.

ಈಗ ನನ್ನ ಆಯಾಸದ ವಿಷಯ ಹೇಳಬೇಕು. ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಆ ವರ್ಷ ನಮ್ಮದು ಮೂರು ಪಾಳಿಯ ಮನೆ. ಗಂಡನಿಗೆ ರಾತ್ರಿ ಪಾಳಿ. ಹೊಸದಾಗಿ ಬಂದಿದ್ದ ಮೈದುನನಿಗೆ ಹಗಲು ಪಾಳಿ, ಅವನು ಬೆಳಗಿನ ಐದಕ್ಕೆ ಹೊರಡಬೇಕು. ನನಗೆ ಏಳಕ್ಕೆ ಶಾಲೆ. ಒಬ್ಬರು ಮಲಗಿದಾಗ ಇನ್ನೊಬ್ಬರು ಏಳುತ್ತಿದ್ದರು, ಒಲೆ ಮಾತ್ರ ಮಲಗುತ್ತಿರಲಿಲ್ಲ. ಮೈದುನನೋ, ಜೋಳದ ರೊಟ್ಟಿ ಇಲ್ಲದೆ ಗಂಟಲಲ್ಲಿ ತುತ್ತು ಇಳಿಯದ ಮಹಾರಾಯ. ನಾಲ್ಕು ಗಂಟೆಗೆ ಎದ್ದು ರೊಟ್ಟಿ ಬಡಿಯುತ್ತಿದ್ದೆ, ಕೆಳಗಿನ ಮನೆಯವರು ಕೋಲಿನಿಂದ ತಮ್ಮ ಸೂರನ್ನು ಬಡಿಯುತ್ತಿದ್ದರು. ಸಾಲದ್ದಕ್ಕೆ ಲಿಫ್ಟು ಕೆಟ್ಟು ಎಂಟು ದಿನವಾಗಿತ್ತು. ಸಂಜೆ ನೆರೆಯ ಮಕ್ಕಳಿಗೆ ಪಾಠ. ಒಂದು ದಿನ ಬಸ್ ಸ್ಟಾಪಿನಲ್ಲಿ ನಿಂತವಳಿಗೆ ನಾನು ಹೋಗುತ್ತಿದ್ದೇನೋ ಬರುತ್ತಿದ್ದೇನೋ ತಿಳಿಯದೆ, ಕೈಯಲ್ಲಿದ್ದ ಬುತ್ತಿಯ ಡಬ್ಬಿ ತೆರೆದು ನೋಡಿ ನಿಶ್ಚಯ ಮಾಡಿಕೊಂಡೆ. ತುಂಬಿತ್ತು, ಅಂದರೆ ಹೋಗುತ್ತಿದ್ದೆ.

ಆ ಬೆಳಿಗ್ಗೆ ಮಂಜಿತ್ತು. ಎರಡು ದಿನದ ಹಿಂದೆ ಮಳೆ ಬಿದ್ದಿತ್ತು. ಬಸ್ಸು ರಸ್ತೆ ಬಿಟ್ಟು ಎಂದಿನ ಜಾಗದಲ್ಲಿ ನಿಂತಿತು, ಬಾಗಿಲಿನ ಬದಿ ಬಯಲಿನ ಕಡೆಗೆ. ಡ್ರೈವರ್ ಅಬ್ಬಾಸ್ ಭಾಯಿ ಮಂಗಳೂರು ಕಡೆಯ ಬ್ಯಾರಿ. ಅವರು ಫ್ಲಾಸ್ಕು ಹಿಡಿದುಕೊಂಡು ಇಳಿದು ಬಸ್ಸಿನ ಮುಂದೆ ಬಯಲಿಗೆ ಮುಖ ಮಾಡಿ ನಿಂತರು. ಹಿಲ್ಡಾ ಬಾಯಿ ಮಕ್ಕಳ ಜೊತೆ ಒಳಗೆ ಉಳಿದರು. ನಾನು ಬಾವುಟದ ಕಟ್ಟು ಇದ್ದ ಚೀಲ ಹೆಗಲಿಗೆ ಹಾಕಿಕೊಂಡು ಇಳಿದು, ಬಸ್ಸಿನ ಹಿಂದಿನಿಂದ ಸುತ್ತಿ ರಸ್ತೆಯ ಬದಿಗೆ ಹೋದೆ. ಕಾರಣ ಇಷ್ಟೇ, ಆ ಕಡೆ ಗಾಳಿ ಇರಲಿಲ್ಲ, ಶೂ ಬಿಗಿಯಾಗಿ ಕಾಲು ಉರಿಯುತ್ತಿತ್ತು. ಒಂದು ನಿಮಿಷ ಶೂ ಬಿಚ್ಚಿ ಕಾಲು ಚಾಚಿ ಹೊರಡೋಣ ಎಂದುಕೊಂಡೆ. ಹಿಂದಿನ ಚಕ್ರಕ್ಕೆ ಒರಗಿ ಕೂತೆ. ಚಕ್ರ ಬೆಚ್ಚಗಿತ್ತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಅಷ್ಟು ಮಾತ್ರ ನನಗೆ ನೆನಪಿದೆ.

ನಿದ್ದೆ ಎಂದರೆ ನಿದ್ದೆ. ಆದರೆ ಆ ನಿದ್ದೆಯೊಳಗೆ ಮಕ್ಕಳು ಎಣಿಸುವುದು ನನಗೆ ಕೇಳುತ್ತಿತ್ತು. ಬೆನ್ನ ಹಿಂದೆ, ಬಸ್ಸಿನ ತಗಡಿನ ಆಚೆ, ಸಿಕ್ಸ್ ಎಂದರು. ಬಹಳ ಹೊತ್ತಿನ ಮೇಲೆ ಸೆವೆನ್ ಎಂದರು. ಎಚ್ಚರವಿದ್ದಿದ್ದರೆ ಎದೆ ಧಸಕ್ಕೆನ್ನಬೇಕಾದ ಸದ್ದು ಅದು, ಯಾಕೆಂದರೆ ನಾನು ಇಲ್ಲಿ ಕೂತಿದ್ದರೆ ಮಕ್ಕಳು ಎಣಿಸುತ್ತಿರುವುದು ಯಾರ ಸಾಲನ್ನು? ಆದರೆ ನಿದ್ದೆಯಲ್ಲಿ ನನಗೆ ಹಾಗನ್ನಿಸಲಿಲ್ಲ. ಸದ್ಯ, ಕೆಲಸ ನಡೆಯುತ್ತಿದೆ, ಯಾರೋ ಮಾಡುತ್ತಿದ್ದಾರೆ, ನಾನು ಇನ್ನೂ ಸ್ವಲ್ಪ ಮಲಗಬಹುದು ಎಂದು ಸಮಾಧಾನವಾಯಿತು. ಅಂಥ ಸಮಾಧಾನ ನನಗೆ ಆ ಇಡೀ ವರ್ಷದಲ್ಲಿ ಆಗಿರಲಿಲ್ಲ.

ಎಚ್ಚರವಾದದ್ದು ಸದ್ದು ನಿಂತದ್ದಕ್ಕೆ. ಗಡಿಯಾರ ನೋಡಿದರೆ ಇಪ್ಪತ್ತು ನಿಮಿಷವಾಗಿತ್ತು. ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಈಗ ಎದ್ದು ಇಪ್ಪತ್ತು ಸಾಲು ನಡೆದರೆ ತಡವಾಯಿತೇಕೆಂದು ಎಲ್ಲರೂ ಕೇಳುತ್ತಾರೆ. ಮಲಗಿದ್ದೆ ಎಂದು ಹೇಳುವುದು ಹೇಗೆ? ಮಕ್ಕಳ ಎಣಿಕೆ ಕನಸಿರಬೇಕು, ಈ ಮಂಜಿನಲ್ಲಿ ನಾನು ನಡೆದೆನೋ ಇಲ್ಲವೋ ಯಾರಿಗೂ ಕಂಡಿರಲಾರದು. ಇಷ್ಟು ವಾರ ನಡೆದಿದ್ದೇನೆ, ಒಂದು ಸಲವೂ ಒಂದು ಡಬ್ಬಿಯ ಮುಚ್ಚಳ ಬಿಟ್ಟು ಬೇರೇನೂ ಸಿಕ್ಕಿಲ್ಲ, ಇವತ್ತೊಂದು ದಿನ ನಡೆಯದಿದ್ದರೆ ಏನಾದೀತು? ಇದು ನಾನು ಮಾಡಿದ ಲೆಕ್ಕಾಚಾರ. ಹದಿಮೂರು ಮಂದಿಯ ಮಕ್ಕಳು, ಒಂದು ನನ್ನದೇ ಹೊಟ್ಟೆಯ ಮಗು. ಶೂ ಹಾಕಿಕೊಂಡೆ, ಲೇಸು ಕಟ್ಟಿದೆ, ಸುತ್ತಿ ಬಂದು ಬಸ್ಸಿನ ಬಾಗಿಲು ತೆರೆದು, ಮುಖದಲ್ಲಿ ನಗು ತಂದುಕೊಂಡು, "ಆಯ್ತು, ಬರ್ರಿ, ಎಲ್ಲಾರೂ ಇಳೀರಿ" ಎಂದೆ.

ಹಿಲ್ಡಾ ಬಾಯಿ ಎರಡೂ ಕೈ ಅಡ್ಡ ಹಿಡಿದು ಮೆಟ್ಟಿಲಲ್ಲಿ ನಿಂತರು.

"ಎಂತ ಟೀಚರ್, ತಲೆ ಸಮ ಉಂಟಾ ನಿಮ್ಗೆ? ಮಕ್ಕಳನ್ನು ಇಳಿಸುದಾ? ನೀವೇ ಅಲ್ವಾ ಈಗ ಅಲ್ಲಿ ಬಾವುಟ ಹಾಕಿದ್ದು?"

ನಾನು ತಿರುಗಿ ನೋಡಿದೆ. ಮಂಜು ತೆಳ್ಳಗಾಗಿತ್ತು. ಬಯಲಿನ ನಟ್ಟನಡುವೆ, ನಾವು ಪ್ರತಿ ವಾರ ಮಕ್ಕಳನ್ನು ದುಂಡಗೆ ಕೂರಿಸುತ್ತಿದ್ದ ಜಾಗದ ಹತ್ತಿರ, ಒಂದು ಕೆಂಪು ಬಾವುಟ ನಿಂತಿತ್ತು.

ಅಬ್ಬಾಸ್ ಭಾಯಿ ಹತ್ತಿರ ಬಂದರು. "ನಿಮ್ಮನ್ನೇ ಕಾಯ್ತಾ ಇದ್ದೆ ಟೀಚರ್. ಅಲ್ಲಿ ಎಂತ ಸಿಕ್ಕಿತು? ನೀವು ಬಾವುಟ ಹಾಕಿದ್ದು ನೋಡಿದೆ. ಚಾ ಬಗ್ಗಿಸ್ಲಿಕ್ಕೆ ಸ್ವಲ್ಪ ತಿರುಗಿದ್ದು, ಮತ್ತೆ ನೋಡುವಾಗ ನೀವಿಲ್ಲ. ಯಾವ ಕಡೆಯಿಂದ ಬಂದಿರಿ ಮಾರಾಯ್ರೆ?"

"ನೀವು ನನ್ನನ್ನ ನೋಡಿದ್ರಿ?"

"ಮತ್ತೆ ಯಾರನ್ನು? ಅಷ್ಟು ಹೊತ್ತಿಂದ ನಡೀತಾ ಇದ್ರಿ, ಕಣ್ಣಾರೆ ನೋಡ್ಲಿಲ್ವಾ ನಾನು."

ಮಕ್ಕಳು ಒಳಗಿನಿಂದ ಒಂದೇ ಸಮನೆ ಕೂಗುತ್ತಿದ್ದರು. ಟೆನ್ ಟೀಚರ್, ಓನ್ಲಿ ಟೆನ್ ಎಂದು ಅವರ ದೂರು. ಹನ್ನೊಂದನೆಯ ಸಾಲಿನ ನಡುವೆ ನಾನು ನಿಂತುಬಿಟ್ಟೆ, ಇಪ್ಪತ್ತರವರೆಗೆ ಎಣಿಸಲು ಬಿಡಲಿಲ್ಲ ಎಂದು. ಪಲ್ಲವಿ ಮಾತ್ರ ಕಿಟಕಿಯ ಹತ್ತಿರ ಮುಖ ಊದಿಸಿಕೊಂಡು ಕೂತಿದ್ದಳು. "ಅಮ್ಮಾ, ಯೂ ಡಿಡ್ ನಾಟ್ ವೇವ್" ಎಂದಳು. ನಾನು ಒಂದು ಸಲವೂ ಕೈ ಎತ್ತಲಿಲ್ಲವಂತೆ. ಅವಳು ಕೂಗಿದರೂ ಬಸ್ಸಿನ ಕಡೆ ತಿರುಗಲಿಲ್ಲವಂತೆ. ಸಾಲು ಮುಗಿದಾಗ ಮಕ್ಕಳೇ ನೋಡಿಕೊಂಡು ಎಣಿಸಿದರಂತೆ.

ನಾನು ಚೀಲ ತೆರೆದು ನೋಡಿದೆ. ಬಾವುಟದ ಕಟ್ಟಿಗೆ ನಾನು ಕಟ್ಟಿದ್ದ ದಾರ ಹಾಗೇ ಇತ್ತು. ಗಂಟು ಬಿಚ್ಚಿರಲಿಲ್ಲ. ಎಣಿಸಿದೆ, ಹನ್ನೆರಡು. ಮತ್ತೊಮ್ಮೆ ಎಣಿಸಿದೆ.

ಆಮೇಲೆ ನಾನು ಮಾಡಿದ್ದು ಮೂರ್ಖತನ, ನಿಯಮಕ್ಕೂ ವಿರುದ್ಧ. ಹಿಲ್ಡಾ ಬಾಯಿ ಕೂಗುತ್ತಿದ್ದರೂ ಬಯಲಿಗೆ ನಡೆದೆ. ಮಳೆ ಬಿದ್ದು ಮರಳು ಗಟ್ಟಿಯಾಗಿದ್ದರಿಂದ ಹೆಜ್ಜೆಗಳು ಅಚ್ಚೊತ್ತಿದ ಹಾಗೆ ಬಿದ್ದಿದ್ದವು. ಕಟ್ಟೆಯಿಂದ ಕಂಬಕ್ಕೆ, ಕಂಬದಿಂದ ಕಟ್ಟೆಗೆ, ಎರಡೆರಡು ಹೆಜ್ಜೆ ಸರಿದು, ನಾನು ನಡೆಯುತ್ತಿದ್ದ ಹಾಗೇ. ನನ್ನ ಎಡಗಾಲಿನ ಶೂವಿನ ಅಡಿ ಕಿತ್ತುಹೋಗಿ, ಅಬು ಹಲೀಫಾದ ಮೋಚಿಯೊಬ್ಬ ಅದಕ್ಕೆ ಟಯರಿನ ತುಂಡು ಅಂಟಿಸಿಕೊಟ್ಟಿದ್ದ. ಆ ತುಂಡಿನ ಅಡ್ಡಗೆರೆಗಳು ಪ್ರತಿ ಎಡ ಹೆಜ್ಜೆಯಲ್ಲೂ ಇದ್ದವು. ನಾನು ಪಕ್ಕದಲ್ಲಿ ಕಾಲು ಊರಿ ನೋಡಿದೆ. ಗೆರೆಗೆ ಗೆರೆ ಸರಿಹೋಯಿತು.

ಬೇರೆಲ್ಲೂ ಕಾಲಿಡಲು ಧೈರ್ಯವಾಗದೆ ಆ ಹೆಜ್ಜೆಗಳ ಮೇಲೆಯೇ ಹೆಜ್ಜೆ ಇಡುತ್ತ ಹೋದೆ. ಹನ್ನೊಂದನೆಯ ಸಾಲು ಅರ್ಧಕ್ಕೆ ನಿಂತಿತ್ತು, ಬಾವುಟದ ಹತ್ತಿರ. ಐದಾರು ಹೆಜ್ಜೆ ದೂರದಲ್ಲೇ ನಾನೂ ನಿಂತೆ. ಗುಳೇದಗುಡ್ಡದ ಖಣ, ನನ್ನ ಮದುವೆಯದು. ಅದೇ ಕೆಂಪು, ಅದೇ ಚುಕ್ಕಿ. ಅದರ ಆಚೆ, ಮಳೆಗೆ ಮರಳು ಸರಿದು, ತುಕ್ಕು ಹಿಡಿದ ದುಂಡನೆಯ ಒಂದು ಅಂಚು ಮೇಲೆದ್ದಿತ್ತು, ಅರ್ಧ ಹೂತ ತಟ್ಟೆಯ ಹಾಗೆ. ಮಗು ಕಂಡರೆ ಓಡಿಹೋಗಿ ಎತ್ತಿಕೊಳ್ಳುವಂಥದ್ದು. ಎತ್ತಿಕೊಂಡು ಬಂದು ನನಗೇ ತೋರಿಸುವಂಥದ್ದು.

ವಾಪಸು ಬರುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಹೋಗಿದ್ದ ಹೆಜ್ಜೆಗಳಿದ್ದವು, ಬಾವುಟದಿಂದ ಹಿಂದಕ್ಕೆ ಬಂದ ಹೆಜ್ಜೆಗಳಿರಲಿಲ್ಲ. ಯಾವ ದಿಕ್ಕಿಗೂ ಇರಲಿಲ್ಲ. ಹಿಂದಕ್ಕೆ ಬಂದದ್ದು ನಾನು ಈಗ ಹಾಕುತ್ತಿದ್ದ ಹೆಜ್ಜೆಗಳು ಮಾತ್ರ.

ಬಸ್ಸು ವಾಪಸು ಹೊರಟಿತು. ದಾರಿಯಲ್ಲಿ ನಾನು ಪಲ್ಲವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಶಾಲೆಯಲ್ಲಿ ಹಾಗೆ ಕೂರಿಸಿಕೊಳ್ಳಬಾರದು, ಟೀಚರ್ ಎಲ್ಲರಿಗೂ ಟೀಚರ್ ಎಂದು ಅವಳಿಗೆ ನಾನೇ ಕಲಿಸಿದ್ದೆ. ಅವಳು ಮುಜುಗರದಿಂದ ಕೊಸರಾಡಿದಳು. ನಾನು ಬಿಡಲಿಲ್ಲ.

ಮೇಡಂ ಫೋನು ಮಾಡಿದರು. ಮಧ್ಯಾಹ್ನ ಸಂಬಂಧಪಟ್ಟವರು ಹೋಗಿ ಆ ಜಾಗಕ್ಕೆ ಬೇಲಿ ಹಾಕಿ ಏನನ್ನೋ ತೆಗೆದುಕೊಂಡು ಹೋದರಂತೆ. ಅದು ಸಿಡಿಯುವಂಥದ್ದೇ ಎಂದು ಕೇಳಿದ ಮೇಡಂಗೆ, ಮಕ್ಕಳನ್ನು ಇನ್ನು ಅಲ್ಲಿಗೆ ಕರೆತರಬೇಡಿ ಎಂಬ ಉತ್ತರ ಮಾತ್ರ ಸಿಕ್ಕಿತು. ಬಾವುಟ ಏನಾಯಿತೆಂದು ಮೇಡಂ ಮೂಲಕ ವಿಚಾರಿಸಿದೆ. ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮೇಡಂ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ಹೊಗಳಿದರು. ಕೊಟ್ಟ ಕೆಲಸವನ್ನು ಒಂದು ದಿನವೂ ತಪ್ಪಿಸದೆ ಮಾಡಿದರೆ ಏನಾಗುತ್ತದೆ ನೋಡಿ ಎಂದರು. ತಂದೆತಾಯಂದಿರು ಬಂದು ಕೈ ಹಿಡಿದುಕೊಂಡರು. ಒಬ್ಬ ತಾಯಿ ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದಕ್ಕೆ ಸರಿದು ಗೋಡೆಗೆ ತಲೆ ಬಡಿಸಿಕೊಂಡೆ. ಅಂದು ನನಗಾದ ಸಂಕಟ ಬಯ್ಗುಳದಿಂದ ಆಗುತ್ತಿರಲಿಲ್ಲ. ಬಯ್ದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಮೇಡಂ ಕೋಣೆಗೆ ಹೋಗಿ ಬಾಗಿಲು ಹಾಕಿ ಎಲ್ಲವನ್ನೂ ಹೇಳಿದೆ. ನಾನು ನಡೆಯಲಿಲ್ಲ, ಮಲಗಿದ್ದೆ, ನಡೆದೆನೆಂದು ಸುಳ್ಳು ಹೇಳಿ ಮಕ್ಕಳನ್ನು ಇಳಿಸಲು ಹೊರಟಿದ್ದೆ ಎಂದೆ. ಕೆಲಸದಿಂದ ತೆಗೆದರೆ ತೆಗೆಯಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೆದರಿಕೆಯಿಂದ ಹೀಗಾಗುತ್ತದೆ ಮಗು, ಹದಿನಾರು ಜನ ನಿನ್ನನ್ನು ನೋಡಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿ, ನೀರು ಕುಡಿಸಿ, ಒಂದು ವಾರ ರಜೆ ಕೊಟ್ಟು ಕಳಿಸಿದರು. ನಾನು ಕೆಲಸ ತಪ್ಪಿಸಿದೆ ಎಂಬ ಒಂದು ಸತ್ಯವನ್ನು ಆ ಕುವೈತಿನಲ್ಲಿ ಯಾರೂ ನಂಬಲಿಲ್ಲ.

ಗಂಡನಿಗೂ ಹೇಳಿದೆ. ಅವನು ರಾತ್ರಿ ಪಾಳಿ ಮುಗಿಸಿ ಬಂದು ತಟ್ಟೆಯ ಮುಂದೆ ತೂಕಡಿಸುತ್ತಿದ್ದ.

"ನಿದ್ದಿಗಣ್ಣಾಗ ನಡದಿರ್ತಿ" ಎಂದ. "ನಾ ಸೈತ ಎಷ್ಟೋ ಸಲ ಮನೀಗೆ ಹೆಂಗ ಬಂದೆ ಅನ್ನೂದ ನೆನಪಿರೂದಿಲ್ಲ. ಕಾಲು ತಮ್ಮ ಪಾಡಿಗೆ ತಾವು ತರತಾವು. ನೀನೂ ಹಂಗ ನಡದು ಬಂದು ಕುಂತಿರ್ತಿ."

"ಮತ್ತ ಬಾವುಟ?"

"ಹದಿಮೂರು ಹೊಲದಿರಬೇಕು, ಎಣಿಸೂದ್ರಾಗ ತಪ್ಪಿರಬೇಕು."

"ವಾಪಸ್ ಬಂದ ಹೆಜ್ಜಿ?"

ನೋಡಿದರೆ ಕೂತಲ್ಲೇ ನಿದ್ದೆ ಹೋಗಿದ್ದ, ಕೈಯಲ್ಲಿ ರೊಟ್ಟಿಯ ಚೂರು ಹಾಗೇ ಇತ್ತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಚೂರನ್ನು ತೆಗೆದು ಕೈ ಒರೆಸಿ ಅವನನ್ನು ಎಬ್ಬಿಸಿ ಮಲಗಿಸಿದೆ.

ಅವನು ಹೇಳಿದ್ದೇ ನಿಜವಿರಬಹುದು ಎಂದು ನಾನು ಎಷ್ಟೋ ವರ್ಷ ನನ್ನನ್ನು ನಂಬಿಸಲು ನೋಡಿದ್ದೇನೆ. ಸೋದರತ್ತೆಗೆ ಹಾಕುತ್ತಿದ್ದ ಸವಾಲುಗಳನ್ನೆಲ್ಲ ನನಗೆ ನಾನೇ ಹಾಕಿಕೊಂಡೆ. ನಿದ್ದೆಯಲ್ಲಿ ಶೂ ಹಾಕಿಕೊಂಡು, ಹನ್ನೊಂದನೆಯ ಸಾಲಿನವರೆಗೆ ನೆಟ್ಟಗೆ ನಡೆದು, ಕಬ್ಬಿಣವನ್ನು ಕಂಡು, ಎಲ್ಲಿಂದಲೋ ಬಂದ ಬಾವುಟವನ್ನು ನೆಟ್ಟು, ಹೆಜ್ಜೆ ಮೂಡದ ಹಾಗೆ ವಾಪಸು ಬಂದು, ಶೂ ಬಿಚ್ಚಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು ಮನುಷ್ಯರಿಂದ ಸಾಧ್ಯವೇ? ಮಕ್ಕಳು ಎಣಿಸುವುದನ್ನು ಕೇಳಿದಾಗ ನನ್ನ ಬೆನ್ನಿಗೆ ಚಕ್ರದ ಬಿಸಿ ತಾಗುತ್ತಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ. ನಡೆಯುತ್ತಿದ್ದವಳ ಬೆನ್ನಿಗೆ ಚಕ್ರ ಎಲ್ಲಿಂದ ಬರಬೇಕು? ದೇವರು ಕಾಪಾಡಿದ ಎಂದುಕೊಳ್ಳೋಣವೆಂದರೆ, ದೇವರು ಮೋಚಿ ಅಂಟಿಸಿದ ಟಯರಿನ ತುಂಡಿನ ಸಮೇತ ಬರುತ್ತಾನೆಯೇ ಎಂದು ನನ್ನ ಬುದ್ಧಿ ಕೇಳುತ್ತದೆ.

ಬಯಲಿನ ಪಾಠ ಅಲ್ಲಿಗೆ ನಿಂತಿತು. ಮುಂದಿನ ವರ್ಷ ಮೇಡಂ ಶಾಲೆಯ ಹಿಂದೆ ಒಂದು ಲಾರಿ ಮರಳು ಹಾಕಿಸಿ, ಸುತ್ತ ಇಟ್ಟಿಗೆ ಕಟ್ಟಿಸಿದರು. ಅದರಲ್ಲಿ ಜೀರುಂಡೆಯ ಹೆಜ್ಜೆ ಬೀಳುತ್ತಿರಲಿಲ್ಲ. ಆದರೂ ಮಕ್ಕಳನ್ನು ಬಿಡುವ ಮುಂಚೆ ನಾನು ದಿನಾ ಆ ಮರಳಿನಲ್ಲಿ ಸಾಲು ಹಿಡಿದು ನಡೆಯುತ್ತಿದ್ದೆ. ಆರೇ ಸಾಲು. ಉಳಿದ ಟೀಚರುಗಳು ನೋಡಿ ನಗುತ್ತಿದ್ದರು. ನಾವು ಊರಿಗೆ ವಾಪಸಾಗುವವರೆಗೆ ಒಂದು ದಿನವೂ ಬಿಡಲಿಲ್ಲ.

ಪಲ್ಲವಿ ಈಗ ದೊಡ್ಡವಳು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್, ಅವಳಿಗೂ ಒಂದು ಮಗುವಿದೆ. ಈಗ ಕನ್ನಡದಲ್ಲೇ ಉತ್ತರ ಕೊಡುತ್ತಾಳೆ. ಆ ವಿಷಯವನ್ನು ನಾವಿಬ್ಬರೂ ಎಂದೂ ಮಾತಾಡಿರಲಿಲ್ಲ, ಅವಳು ಮರೆತಿದ್ದಾಳೆ ಎಂದೇ ನಾನು ತಿಳಿದಿದ್ದೆ. ಮೊನ್ನೆ ಮೊನ್ನೆ ಅವಳ ಮನೆಗೆ ಹೋಗಿದ್ದೆ. ಮಗುವಿಗೆ ಎರಡು ದಿನ ಜ್ವರವಿತ್ತು, ಅವಳು ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಬೆಳಿಗ್ಗೆ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಗೋಡೆಗೆ ಒರಗಿದ್ದಳು. ಚಹಾ ಕೊಡಲು ಹೋದವಳನ್ನು ತಲೆಯೆತ್ತಿ ನೋಡಿ ಕೇಳಿದಳು:

"ಅಮ್ಮ, ಕುವೈತಿನಾಗ ಒಂದಿನ ಬಾವುಟ ನೆಟ್ಟು ನೀ ಅಲ್ಲೇ ಮರಳಿನ ಮ್ಯಾಲ ಕುಂತ್ಬಿಟ್ಟಿದ್ದಿ, ನೆನಪೈತೇನು? ಹಿಂಗ, ಮೊಣಕಾಲ ಮ್ಯಾಲ ತಲಿ ಇಟ್ಕೊಂಡು. ಎಷ್ಟ ದಣದಿದ್ದಿ ಅಮ್ಮ ನೀನು. ನನಗ ಅಳು ಬಂದಿತ್ತು. ನೀ ಏಳಲೇ ಇಲ್ಲ. ಆಮ್ಯಾಲ ನೋಡಿದ್ರ ಬಾಗಲದಾಗ ನಿಂತಿದ್ದಿ, ನಕ್ಕೋತ."

ನಾನು ಚಹಾದ ಲೋಟವನ್ನು ಅವಳ ಪಕ್ಕದಲ್ಲಿ ನೆಲಕ್ಕಿಟ್ಟೆ. ನೆನಪೈತಿ ಎಂದೆ. ಅದು ನಾನು ಹೇಳಿದ ಎರಡನೆಯ ಸುಳ್ಳು. ಆಮೇಲೆ ಅವಳನ್ನು ಎಬ್ಬಿಸಿ ಮಲಗಲು ಕಳಿಸಿ, ಮಗುವಿನ ಹಾಸಿಗೆಯ ಹತ್ತಿರ ನಾನು ಕೂತೆ.

ನಾನು ಮಾಡಬೇಕಾಗಿದ್ದ ಕೆಲಸವನ್ನು ನನ್ನ ಶೂ ಹಾಕಿಕೊಂಡು ಯಾರೋ ಮಾಡಿದರು. ನನ್ನಷ್ಟೇ ದಣಿದಿದ್ದರು ಎಂದು ಈಗ ತಿಳಿಯಿತು, ಆದರೂ ನಡೆದರು. ನಾನು ಅಂದು ನಿದ್ದೆಯಿಂದ ಎದ್ದು ಬಂದು ಇಷ್ಟು ವರ್ಷ ಬದುಕಿದೆ, ಮಗಳನ್ನು ಬೆಳೆಸಿದೆ, ಮೊಮ್ಮಗುವನ್ನು ಎತ್ತಿಕೊಂಡೆ. ಅಲ್ಲಿ ಮರಳಿನ ಮೇಲೆ ಕೂತವಳು ಎದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ.